ಅವ್ವನ ಬುಗುಡಿ ಮತ್ತು ಎರಡು ಆಷಾಢದ ವರ್ಷ

ನಾನು ಚಿಕ್ಕವಳಿದ್ದಾಗ, ಅಂದರೆ ನಮ್ಮ ಅಟ್ಟದ ಏಣಿಯ ನಾಲ್ಕನೇ ಮೆಟ್ಟಿಲು ನನ್ನ ತಲೆಗಿಂತ ಎತ್ತರದಲ್ಲಿದ್ದ ಕಾಲದಲ್ಲಿ, ನಮ್ಮ ಅವ್ವ ಕಿವಿಗೆ ಬೇವಿನಕಡ್ಡಿ ಹಾಕಿಕೊಂಡು ಓಡಾಡುತ್ತಿದ್ದಳು. ನಗಬೇಡಿ ಕಣ್ರೋ, ನಿಜವನ್ನೇ ಹೇಳ್ತಿದ್ದೀನಿ. ಎರಡೂ ಕಿವಿಯ ಮೇಲಂಚಿನಲ್ಲಿ ತೂತು, ಆ ತೂತಿನಲ್ಲಿ ಬೆಂಕಿಕಡ್ಡಿಗಿಂತ ಸಣ್ಣದಾಗಿ ಕೆತ್ತಿದ ಒಂದೊಂದು ಕಡ್ಡಿ. ತೂತು ಮುಚ್ಚಿಕೊಳ್ಳದಿರಲಿ ಅಂತ.

ಅಲ್ಲಿ ಇರಬೇಕಾಗಿದ್ದುದು ಬುಗುಡಿ. ಕಿವಿಯ ಮೇಲಂಚಿಗೆ ಹಾಕುವ ಬಂಗಾರದ ಒಡವೆ ಅದು, ನೀವು ಎಲ್ಲಿ ನೋಡಿರ್ತೀರಿ! ಅವ್ವನ ಅವ್ವ ಸಾಯುವ ಮುಂಚೆ ತನ್ನ ಕಿವಿಯಿಂದಲೇ ಬಿಚ್ಚಿ ಅವ್ವನಿಗೆ ಹಾಕಿದ್ದಂತೆ. ಒಂದೊಂದರಲ್ಲೂ ಮೂರು ಕೆಂಪು ಹರಳು, ಸುತ್ತ ಸಾಸಿವೆ ಕಾಳಿನಷ್ಟು ಚಿನ್ನದ ಗುಂಡುಗಳು. ಬಲಗಿವಿಯದರಲ್ಲಿ ಒಂದು ಹರಳು ಬಿದ್ದುಹೋಗಿತ್ತು. ನಾನು ಕೂಸಾಗಿದ್ದಾಗ ಎಳೆದು ಬೀಳಿಸಿದ್ದೆ ಅಂತ ಅಕ್ಕ ಯಾವಾಗಲೂ ಚಾಡಿ ಹೇಳುತ್ತಿದ್ದಳು. ನನಗಂತೂ ನೆನಪಿಲ್ಲ, ಹಾಗಾಗಿ ಇವತ್ತಿನವರೆಗೂ ಒಪ್ಪಿಕೊಂಡಿಲ್ಲ.

ಬುಗುಡಿ ಮನೆ ಬಿಟ್ಟು ಹೋದದ್ದು ವರ್ಷತೊಡಕಿನ ದಿನ. ಯುಗಾದಿಯ ಮಾರನೇ ದಿನ ನಮ್ಮ ಕಡೆ ಬಾಡೂಟ ಅಲ್ಲವಾ, ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮಸಾಲೆ ಅರೆಯುತ್ತಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. ಮೈ ಮುಟ್ಟಿದರೆ ಕೆಂಡ. ಅಪ್ಪ ಅವ್ವ ಅವಳನ್ನು ನಮ್ಮೂರು ಕಣಕಟ್ಟೆಯಿಂದ ಬಸ್ಸಿನಲ್ಲಿ ಅರಸೀಕೆರೆಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಈವತ್ತೇ ಹಾಸನದಲ್ಲಿ ಆಪರೇಷನ್ ಆಗಬೇಕು ಅಂದರು. ಅಪ್ಪನ ಜೇಬಿನಲ್ಲಿ ಬಸ್‌ಚಾರ್ಜು ಬಿಟ್ಟರೆ ಏನೂ ಇರಲಿಲ್ಲ. ಅವ್ವ ಪೇಟೆ ಬೀದಿಯ ಗಿರವಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎರಡೂ ಬುಗುಡಿ ಬಿಚ್ಚಿದಳಂತೆ. ಒಂದು ವರ್ಷದ ವಾಯಿದೆ. ಅಂಗಡಿಯವರು ತಾರೀಖು ಬರೆದ ಚೀಟಿ ಕೊಟ್ಟರು. ಅಕ್ಕ ಉಳಿದಳು.

ಆ ಚೀಟಿಯನ್ನು ಅಪ್ಪ ದೇವರ ಪಟದ ಹಿಂದೆ ಸಿಕ್ಕಿಸಿಟ್ಟ. ಮತ್ತೆ ತೆಗೆದು ನೋಡಲಿಲ್ಲ, ನೋಡುವ ಅಗತ್ಯ ಇದೆ ಅಂತಲೂ ಅವನಿಗೆ ಅನಿಸಲಿಲ್ಲ. ವರ್ಷತೊಡಕಿನ ದಿನ ಇಟ್ಟಿದ್ದು, ಮುಂದಿನ ವರ್ಷತೊಡಕಿಗೆ ವರ್ಷ ತುಂಬುತ್ತೆ, ಅಷ್ಟೇ. ನಮ್ಮ ಊರಲ್ಲಿ ತಾರೀಖು ಯಾರಿಗೆ ಬೇಕಾಗಿತ್ತು? ಎಮ್ಮೆ ಕರು ಹಾಕಿದ್ದು ಗೌರಿ ಹಬ್ಬದ ಹಿಂದಿನ ದಿನ. ನಾನು ಹುಟ್ಟಿದ್ದು ದೀಪಾವಳಿ ಆಗಿ ಎಂಟು ದಿನಕ್ಕೆ. ಎಲ್ಲಾ ಲೆಕ್ಕವೂ ಹಬ್ಬದ ಮೇಲೇ ನಡೆಯುತ್ತಿತ್ತು.

ಬುಗುಡಿ ಬಿಡಿಸುವ ದುಡ್ಡು ನಮ್ಮ ಅಟ್ಟದಲ್ಲೇ ಇತ್ತು. ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗುತ್ತೆ. ಆಗ ಕಾಯಿ ಅಲ್ಲಾಡಿಸಿದರೆ ಒಳಗೆ ಗುಡುಗುಡು ಅನ್ನುತ್ತೆ. ನಾನು ದಿನಾ ಏಣಿ ಹತ್ತಿ, ಆ ಹೊಗೆ ವಾಸನೆಯ ಕತ್ತಲಲ್ಲಿ ಒಂದು ಕಾಯಿ ತಗೊಂಡು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೆ. ಶಿವರಾತ್ರಿ ಹೊತ್ತಿಗೆ ಕಾಯಿ ಮಾತಾಡಿತು. "ಅವ್ವಾ, ನಿನ್ನ ಬುಗುಡಿ ಗುಡುಗುಡು ಅಂತೈತೆ!" ಅಂತ ಮೇಲಿಂದಲೇ ಕೂಗಿದೆ. ಅವ್ವ ಕೆಳಗೆ ರಾಗಿ ಕೇರುತ್ತಾ ನಕ್ಕಳು.

ಅದೇ ವಾರ ಕೊಬ್ಬರಿ ಕೊಳ್ಳುವವರು ಬಂದು ಕೇಳಿದರು. ಅಪ್ಪ ಕೊಡಲಿಲ್ಲ. "ಯುಗಾದಿಗೆ ಇನ್ನೂ ತಿಂಗಳೈತೆ. ಇನ್ನೊಂಚೂರು ಒಣಗಲಿ ಬಿಡಿ" ಅಂದುಬಿಟ್ಟ. ಅವತ್ತು ಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ಅಪ್ಪ, ಅವ್ವ, ನಾನು ಅರಸೀಕೆರೆಗೆ ಹೊರಟೆವು. ಕೊಬ್ಬರಿ ಹಿಂದಿನ ದಿನವೇ ಮಂಡಿಗೆ ಹೋಗಿತ್ತು. ವಾಯಿದೆಗೆ ಮುಂಚೆಯೇ ಹೊರಟಿದ್ದೀವಿ ಅಂತ ಅಪ್ಪನಿಗೆ ಬಲು ಜಂಬ. ಅವ್ವ ತಲೆಗೆ ಎರೆದುಕೊಂಡು, ಕಿವಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಬಂದಿದ್ದಳು. ಬಸ್ಸಿನ ತುಂಬ ಬೀಡಿ ಹೊಗೆ, ಹಬ್ಬದ ಸಾಮಾನಿನ ಚೀಲ, ಕೂಗಾಡುವ ಕೋಳಿ. ಊರು ದಾಟುತ್ತಿದ್ದ ಹಾಗೆ ಅವ್ವ ಎರಡೂ ಕಡ್ಡಿಯನ್ನು ಕಿವಿಯಿಂದ ತೆಗೆದು ಕಿಟಕಿಯಾಚೆ ಎಸೆದಳು. ಎಸೆದು ನನ್ನ ಕಡೆ ನೋಡಿ ಹುಡುಗಿಯ ಹಾಗೆ ನಕ್ಕಳು. ಅವ್ವ ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಗಿರವಿ ಅಂಗಡಿಯ ನೆಲ ತಣ್ಣಗಿತ್ತು. ಊದುಬತ್ತಿಯ ವಾಸನೆ, ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ತಕ್ಕಡಿ. ಅಂಗಡಿಯವರು ಚೀಟಿ ನೋಡಿದರು, ದಪ್ಪ ಪುಸ್ತಕ ತಿರುವಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಜಮಾನ್ರೇ, ಇದು ವಾಯಿದೆ ಮುಗಿದು ಹದಿನೈದು ದಿನದ ಮೇಲಾಯ್ತಲ್ಲ. ನೀವು ಬರಲಿಲ್ಲ. ಮಾಲು ಕರಗಿಸೋಕೆ ಹೋಯ್ತು."

ಅಪ್ಪ ನಕ್ಕ. ತಮಾಷೆ ಅಂದುಕೊಂಡನೇನೋ. "ವರ್ಷತೊಡಕಿನ ದಿನ ಇಟ್ಟಿದ್ದು ಸಾವ್ಕಾರ್ರೆ. ವರ್ಷತೊಡಕಿಗೆ ಇನ್ನೂ ಮೂರು ದಿನ ಐತೆ."

ಅವರು ಗೋಡೆಯ ಕ್ಯಾಲೆಂಡರ್ ಕಡೆ ಕೈ ತೋರಿಸಿದರು. "ಹೋದ ಸಲ ಯುಗಾದಿ ಮಾರ್ಚಲ್ಲಿ ಬಂದಿತ್ತು. ಈ ಸಲ ಏಪ್ರಿಲ್‌ಗೆ ಹೋಗಿದೆ. ಆಷಾಢ ಎರಡು ಬಂತಲ್ಲ ಯಜಮಾನ್ರೇ, ಅಧಿಕ ಮಾಸ. ನಿಮ್ಮ ವರ್ಷಕ್ಕೆ ಹದಿಮೂರು ತಿಂಗಳಾಗಿದೆ. ಚೀಟಿಯ ವರ್ಷಕ್ಕೆ ಹನ್ನೆರಡೇ."

ಅಪ್ಪನ ಮುಖ ನೋಡಲಾಗಲಿಲ್ಲ. ನಿಮಗೆ ಗೊತ್ತಿರಲಿ, ನಮ್ಮ ಪಂಚಾಂಗದಲ್ಲಿ ಮೂರು ವರ್ಷಕ್ಕೊಂದು ಸಲ ಒಂದು ತಿಂಗಳು ಹೆಚ್ಚಿಗೆ ಬರುತ್ತೆ. ಅಪ್ಪನಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಆಷಾಢಕ್ಕೆ ತವರಿಗೆ ಹೋದ ಪಕ್ಕದ ಮನೆಯ ಹೊಸ ಸೊಸೆ ಆ ವರ್ಷ ಎರಡು ತಿಂಗಳಾದರೂ ಬಂದಿರಲಿಲ್ಲ. ಅವಳ ಗಂಡನನ್ನು ಊರಿಗೆಲ್ಲ ಮುಂಚೆ ಗೇಲಿ ಮಾಡಿದವನೇ ನಮ್ಮಪ್ಪ, "ಏನ್ಲಾ, ಇನ್ನೂ ಒಂದು ಆಷಾಢ ಬಾಕಿ ಐತಲ್ಲೋ!" ಅಂತ. ಒಳ್ಳೆ ಕೆಲಸ ಯಾವುದನ್ನೂ ಮಾಡಬಾರದ ತಿಂಗಳು ಅಂತ ಊರೆಲ್ಲ ಕೈಕಟ್ಟಿ ಕೂತಿತ್ತು. ಚೀಟಿಯ ಮೇಲಿನ ತಾರೀಖು ಮಾತ್ರ ಕೂತಿರಲಿಲ್ಲ.

ಅಪ್ಪ ಜೇಬಿನಿಂದ ದುಡ್ಡಿನ ಗಂಟು ತೆಗೆದು ಮೇಜಿನ ಮೇಲಿಟ್ಟ. ಇನ್ನೂ ಬೇಕಾದರೆ ತರ್ತೀನಿ ಅಂದ. ಮತ್ತೆ ಮತ್ತೆ ಅದನ್ನೇ ಹೇಳಿದ. ಅಂಗಡಿಯವರು ಗಂಟನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದರು. ಅವರು ಕೆಟ್ಟವರೇನಲ್ಲ, ಬೈಯಲಿಲ್ಲ, ಗದರಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಇಲ್ಲದ ವಸ್ತುವನ್ನು ಯಾರ ಹತ್ತಿರ ಅಂತ ಕೇಳುವುದು?

ಅವ್ವ ಒಂದೇ ಒಂದು ಮಾತು ಕೇಳಿದಳು. "ಅದರಾಗಿದ್ದ ಕೆಂಪು ಹರಳು?"

"ಹರಳು ತೂಕಕ್ಕೆ ಬರಲ್ಲ ಕಣಮ್ಮ. ಕರಗಿಸೋರು ಕಿತ್ತು ಎಸೆದಿರ್ತಾರೆ" ಅಂದರು ಅವರು. ಪಾಪ, ಅವರಿಗೂ ಹೇಳಲು ಕಷ್ಟವಾಗಿತ್ತು. ಆದರೂ ಡ್ರಾಯರ್ ಎಳೆದು ಒಂದು ಸಲ ಕೈಯಾಡಿಸಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ನನಗೆ ಆ ಕ್ಯಾಲೆಂಡರ್ ಎಳೆದು ಹರಿದು ಹಾಕಬೇಕು ಅನಿಸಿತು. ನನ್ನ ಕೈ ಅಷ್ಟೆತ್ತರಕ್ಕೆ ಎಟುಕುತ್ತಲೂ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಸೆರಗನ್ನು ಕಿವಿ ಮುಚ್ಚುವ ಹಾಗೆ ಹೊದ್ದುಕೊಂಡಿದ್ದಳು. ಕಣಕಟ್ಟೆಯಲ್ಲಿ ಇಳಿದರೆ ಅಕ್ಕ ಬಸ್ಸಿನ ಹತ್ತಿರವೇ ಕಾಯುತ್ತಿದ್ದಳು. ಅವಳು ನೆಟ್ಟಗೆ ಅವ್ವನ ಕಿವಿ ನೋಡಿದಳು. ಗಾಳಿಗೆ ಸೆರಗು ಜಾರಿತು. ಅಕ್ಕ ಅಲ್ಲೇ, ಜನರೆಲ್ಲ ನೋಡುತ್ತಿದ್ದ ಹಾಗೇ, ಜೋರಾಗಿ ಅತ್ತಳು. "ನನ್ನಿಂದ ಹೋಯ್ತಲ್ಲವ್ವಾ" ಅಂದಳು. ಅವ್ವ ಅವಳ ತಲೆಗೆ ಮೊಟಕಿದಳು. "ಬಾಯ್ಮುಚ್ಚೇ. ನೀನು ಬಂದ್ಯಲ್ಲ ಮನೆಗೆ, ಸಾಕು ನಡಿ" ಅಂತ ಬೈದು ಕೈ ಹಿಡಿದುಕೊಂಡು ನಡೆದಳು.

ಯುಗಾದಿಯ ಬೆಳಗ್ಗೆ ಅಪ್ಪ ಬೇವಿನ ಸೊಪ್ಪು ತಂದ. ನಮ್ಮೆಲ್ಲರ ಕೈಗೆ ಬೇವು ಬೆಲ್ಲ ಕೊಟ್ಟ ಮೇಲೆ ಅವ್ವ ಒಂದು ತೆಳ್ಳಗಿನ ರೆಂಬೆ ಮುರಿದು, ಈಳಿಗೆಯ ಮುಂದೆ ಕೂತು ಎರಡು ಕಡ್ಡಿ ಕೆತ್ತಿ ಕಿವಿಗೆ ಹಾಕಿಕೊಂಡಳು. ಅಪ್ಪ ನೋಡಿ ಎದ್ದು ಹೊರಗೆ ಹೋದ. ಅಲ್ಲಿಂದ ಮುಂದೆ ಪ್ರತಿ ಯುಗಾದಿಗೂ ಹೊಸ ಕಡ್ಡಿ. ನಾನು ದೊಡ್ಡವಳಾದ ಮೇಲೆ ಒಂದು ಸಲ, "ಇನ್ನೂ ಯಾಕವ್ವಾ ಈ ಕಡ್ಡಿ? ಬುಗುಡಿ ಬರಲ್ಲ ಅಂತ ಗೊತ್ತಲ್ಲ" ಅಂತ ರೇಗಿದೆ. ಅವ್ವ ಹೇಳಿದಳು: "ಈ ತೂತು ಚುಚ್ಚಿಸಿದ್ದೂ ನಮ್ಮವ್ವನೇ ಕಣೇ. ಇದೂ ಮುಚ್ಕೊಂಡ್ರೆ ನಮ್ಮವ್ವಂದು ಅಂತ ನನ್ನತ್ರ ಏನೈತೆ?" ಅವ್ವನನ್ನು ಮಣ್ಣು ಮಾಡುವ ದಿನವೂ ಕಡ್ಡಿ ಅವಳ ಕಿವಿಯಲ್ಲೇ ಇತ್ತು.

ಈಗ ನಿಮ್ಮಮ್ಮ ಬಳೆ ಗಿರವಿ ಇಟ್ಟು ಸ್ಕೂಟಿ ತಗೊಂಡಿದ್ದಾಳೆ. ವಾಯಿದೆಗೆ ಇನ್ನೂ ತಿಂಗಳಿರುವಾಗಲೇ ಅವಳ ಫೋನು ಟಿಣ್ ಅನ್ನುತ್ತೆ, ತಾರೀಖು ತಾನಾಗಿಯೇ ಬರುತ್ತೆ. ಆದರೂ ನನಗೆ ಸಮಾಧಾನ ಇಲ್ಲ, ಮನೆಗೆ ಹೊಸ ಕ್ಯಾಲೆಂಡರ್ ಬಂದ ದಿನವೇ ಅಧಿಕ ಮಾಸ ಹುಡುಕುತ್ತೀನಿ. ಅಜ್ಜಿಗೆ ಹುಚ್ಚು ಅಂತ ನೀವು ನಗ್ತೀರಿ, ನಗಿ ನಗಿ.

ಮೊನ್ನೆ ದೊಡ್ಡ ಮೊಮ್ಮಗಳು ಅರಸೀಕೆರೆಗೆ ಹೋಗಿ ಕಿವಿಯ ಮೇಲಂಚಿಗೆ ಚುಚ್ಚಿಸಿಕೊಂಡು ಬಂದಳು. ಅವ್ವನ ತೂತಿದ್ದ ಜಾಗದಲ್ಲೇ, ಒಂದು ಪುಟ್ಟ ಕೆಂಪು ಹರಳು. "ಈಗ ಎಲ್ಲರೂ ಹಾಕಿಸ್ಕೊಳ್ತಾರೆ ಅಜ್ಜಿ, ಬೈಬೇಡ" ಅಂದಳು. ನಾನ್ಯಾಕೆ ಬೈಯಲಿ? ಹತ್ತಿರ ಕರೆದು ಮುಟ್ಟಿ ನೋಡಿದೆ, ಅಷ್ಟೇ. ಆ ಹರಳು ಎಲ್ಲಾದರೂ ಬಿದ್ದುಹೋದರೆ ಅಳಬೇಡ ಮಗಾ, ನನ್ನ ಹತ್ತಿರ ಬಾ. ಬೇವಿನಕಡ್ಡಿ ಎಷ್ಟು ಸಣ್ಣಕ್ಕೆ ಕೆತ್ತಬೇಕು ಅಂತ ನನಗೆ ಗೊತ್ತು.