ಸಪ್ತಪದಿ ಇಲ್ಲದ ಮದುವೆಗೆ ನಾನು ಹೇಳಿದ ಸಾಕ್ಷಿ

ಕಟಕಟೆಯಲ್ಲಿ ನಿಂತಿದ್ದೆ. ಎದುರು ಪಕ್ಷದ ವಕೀಲರು ಕಪ್ಪು ಕೋಟಿನ ಒಳಗಿಂದ ಮಡಚಿದ ಪತ್ರಿಕೆಯ ತುಂಡೊಂದನ್ನು ತೆಗೆದು, ನಿಧಾನವಾಗಿ ಬಿಡಿಸಿ, ನನ್ನ ಮೂಗಿನೆದುರು ಹಿಡಿದರು.

"ಇದನ್ನು ಬರೆದವರು ತಾವೇ ಅಲ್ವಾ, ಭಟ್ಟರೇ?"

ನೋಡಿದೆ. ಓದುಗ ಮಹಾಶಯರೇ, ಅದು ಇದೇ ಅಂಕಣ!

(ನನ್ನ ಬರಹವನ್ನು ಯಾರೂ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲವೆಂಬ ಕೊರಗು ನನಗೆ ಬಹುಕಾಲದಿಂದ ಇತ್ತು. ಅದು ತೀರಬೇಕಾದದ್ದು ಹೀಗೆಯೇ?)

ಇದು ನಡೆದು ಎರಡು ತಿಂಗಳಾಯಿತು. ತೀರ್ಪು ಬರುವ ಮೊದಲು ಬರೆಯುವುದು ಧರ್ಮವಲ್ಲವೆಂದು ಬಾಯಿ ಕಟ್ಟಿಕೊಂಡಿದ್ದೆ. ಮೊನ್ನೆ ಸೋಮವಾರ ತೀರ್ಪು ಬಂತು. ಇನ್ನು ತಡೆಯಲಾರೆ.

ಅಜೆಕಾರಿನಲ್ಲಿ ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ಗಿರಿಜೆಯ ಮನೆ. ಬೀಡಿ ಕಟ್ಟಿ ಮಗಳನ್ನು ಸಾಕುತ್ತಿರುವ ಹೆಂಗಸು. ಹನ್ನೊಂದು ವರ್ಷಗಳ ಹಿಂದೆ ಸಂಜೀವನೊಡನೆ ಅವಳ ಮದುವೆಯಾಯಿತು. ಆತ ಆಗ ಕಾರ್ಕಳದ ಕಲ್ಲುಕೋರೆಯಲ್ಲಿ ಕೂಲಿ, ಈಗ ಕಾಂಟ್ರಾಕ್ಟರು. ಕೈಗೆ ವಾಚು ಬಂತು, ಕಾಪುವಿನಲ್ಲಿ ಇನ್ನೊಂದು ಸಂಸಾರವೂ ಬಂತು. ಗಿರಿಜೆ ಜೀವನಾಂಶಕ್ಕೆ ಅರ್ಜಿ ಹಾಕಿದಳು. ಅದಕ್ಕೆ ಅವನು ಕೊಟ್ಟ ಲಿಖಿತ ಉತ್ತರವೇನು ಗೊತ್ತೇ? "ಆಕೆ ನನ್ನ ಮನೆಯಲ್ಲಿ ಕೆಲಸಕ್ಕಿದ್ದವಳು. ಹೋಮವಾಗಿಲ್ಲ, ಸಪ್ತಪದಿಯಾಗಿಲ್ಲ. ಆದುದರಿಂದ ಮದುವೆಯೇ ಆಗಿಲ್ಲ."

ಗಿರಿಜೆ ನಮ್ಮ ಜಗಲಿಗೆ ಬಂದಳು. ಅಳಲಿಲ್ಲ.

"ಭಟ್ರೇ, ಅವರು ದುಡ್ಡು ಕೊಟ್ರೆ ಕೊಡ್ಲಿ, ಬಿಟ್ರೆ ಬಿಡ್ಲಿ. ಕೆಲಸದವಳು ಅಂತ ಬರೆಸಿದ್ದಾರಲ್ಲ, ಅದು ಹೋಗ್ಬೇಕು. ನಾಳೆ ನನ್ನ ಮಗಳನ್ನು ಜನ ಎಂತ ಹೇಳುದು? ನೀವು ಆ ದಿನ ಬಂದಿದ್ರಿ. ನೋಡಿದ್ದೀರಿ."

ಹೌದು, ನೋಡಿದ್ದೆ. ಮುಹೂರ್ತ ಇಟ್ಟುಕೊಟ್ಟವನೇ ನಾನು. ಅವರ ಸಮುದಾಯದಲ್ಲಿ ಅಗ್ನಿಯೂ ಇಲ್ಲ, ಮಂತ್ರವೂ ಇಲ್ಲ, ಧಾರೆಯೇ ಮದುವೆ. ವಧೂವರರ ಕೈಗಳನ್ನು ಜೋಡಿಸಿ ಮೇಲೆ ನೀರೆರೆಯುತ್ತಾರೆ. ಎರೆಯುವ ಮೊದಲು ಆ ನೀರಿನ ಗಿಂಡಿಯನ್ನು ಚಪ್ಪರದಲ್ಲಿ ಕುಳಿತವರೆಲ್ಲರ ಬಳಿಗೆ ಒಯ್ಯುತ್ತಾರೆ. ಪ್ರತಿಯೊಬ್ಬರೂ ಕೈ ಮುಟ್ಟಿಸಿ ಹರಸಬೇಕು. ಸಹಿ ಇಲ್ಲ, ರಿಜಿಸ್ಟರ್ ಇಲ್ಲ. ಇನ್ನೂರು ಕೈಗಳ ಒಪ್ಪಿಗೆಯೇ ದಾಖಲೆ.

ಸುದ್ದಿ ತಿಳಿದ ಕೂಡಲೇ ಅವರ ಗುರಿಕಾರರು, ಅಂದರೆ ಸಮುದಾಯದ ಹಿರಿಯರು, ಚಂದಯ್ಯಣ್ಣ ಓಡಿ ಬಂದರು. "ಹೆಂಗಸು ಕೋರ್ಟಿನ ಮೆಟ್ಟಿಲು ಹತ್ತುದು ಊರಿಗೆ ಮರ್ಯಾದೆಯಾ ಭಟ್ರೇ? ನೀವು ಸುಮ್ಮನಿರಿ."

ಕೆಲವೇ ವರ್ಷಗಳ ಹಿಂದೆ, ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಾಗ, ಡಿಕ್ಲರೇಶನ್ ಹಾಕಿ, ಭೂ ಟ್ರಿಬ್ಯೂನಲ್ಲಿನ ಮುಂದೆ ನಿಂತು, ಗೇಣಿಯ ಗದ್ದೆಯನ್ನು ಸ್ವಂತ ಮಾಡಿಕೊಂಡವರು ಇದೇ ಚಂದಯ್ಯಣ್ಣ. ಆಗ ಮರ್ಯಾದೆಗೆ ಏನೂ ಆಗಿರಲಿಲ್ಲ! (ಆ ಗದ್ದೆ ನಮ್ಮದಾಗಿತ್ತು. ಆಗ ಕಾನೂನನ್ನು ಕಲಿಯ ಮಹಿಮೆ ಎಂದು ಬೈದವನು ನಾನೇ ಎಂಬುದನ್ನೂ ಮುಚ್ಚಿಡಲಾರೆ.)

ಅನುಮಾನ ನನಗೂ ಇತ್ತು. ಅರುವತ್ತೇಳು ವರ್ಷಗಳಲ್ಲಿ ದೇವರ ಮೇಲೆ ಆಣೆಯಿಟ್ಟವನಲ್ಲ. ಸಾಕ್ಷಿಗೆ ಬರಬೇಕೆಂದು ಕೋರ್ಟು ಕಳಿಸಿದ ಸಮನ್ಸನ್ನು ದೇವರ ಕೋಣೆಯ ಹೊಸ್ತಿಲಲ್ಲಿಟ್ಟು ಯೋಚಿಸುತ್ತ ಕುಳಿತಿದ್ದಾಗ ನನ್ನ ಮನೆಯವಳು ಒಳಗಿನಿಂದಲೇ ಹೇಳಿದಳು: "ಕೋರ್ಟಿನ ಮೈಲಿಗೆ ಒಂದು ಸ್ನಾನಕ್ಕೆ ಹೋಗ್ತದೆ. ಹೋಗದೆ ಕೂತ್ರೆ ಬರುವ ಮೈಲಿಗೆಗೆ ಯಾವ ಸ್ನಾನ ಉಂಟು?"

ಹೋದೆ. ಪ್ರಮಾಣ ಮಾಡಿದೆ. ಆಮೇಲೆ ಪಾಟೀಸವಾಲು. ಆಮೇಲೆ ಆ ಪತ್ರಿಕೆಯ ತುಂಡು.

"ನಾನೇ ಬರೆದದ್ದು" ಎಂದೆ.

"'ಏಳನೆಯ ಹೆಜ್ಜೆ ಇಡುವ ತನಕ ವಿವಾಹ ಪೂರ್ಣವಾಗದು.' ಈ ವಾಕ್ಯ?"

"ನನ್ನದೇ."

"ಈ ಗಿರಿಜೆ ಏಳು ಹೆಜ್ಜೆ ಇಟ್ಟದ್ದನ್ನು ನೋಡಿದ್ದೀರಾ?"

"ಇಲ್ಲ."

"ಒಂದಾದರೂ?"

"ಇಲ್ಲ."

"ದಟ್ಸ್ ಆಲ್" ಎಂದು ವಕೀಲರು ಗೆಲುವಿನಿಂದ ಕುಳಿತರು. ಗಿರಿಜೆ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ. ಇಷ್ಟು ವರ್ಷ ಓದಿದ ಶಾಸ್ತ್ರವೆಲ್ಲ ಒಬ್ಬಳ ಕೊರಳಿಗೆ ಉರುಳಾಯಿತೇ?

ಆಗ ಎದ್ದರು ನೋಡಿ, ಚಂದಯ್ಯಣ್ಣ! ಸಂಜೀವನ ಬೆಂಬಲಕ್ಕೆಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದವರು ಮುಂಡಾಸು ಕೈಯಲ್ಲಿ ಹಿಡಿದು ನಿಂತೇಬಿಟ್ಟರು. "ಸ್ವಾಮೀ, ಒಂದು ನಿಮಿಷ! ನನಗೂ ಧಾರೆಯೇ ಆದದ್ದು. ಹೆಜ್ಜೆ ಗಿಜ್ಜೆ ಎಂತದೂ ಇಟ್ಟಿಲ್ಲ. ಹಾಗಾದ್ರೆ ನನ್ನ ಐದು ಮಕ್ಕಳು ಎಂತ ಮಾರಾಯ್ರೇ?"

ಕೋರ್ಟು ಕೋರ್ಟೇ ನಕ್ಕಿತು. ಮ್ಯಾಜಿಸ್ಟ್ರೇಟರು ಗದರಿ ಕುಳ್ಳಿರಿಸಿದರು. ಆದರೆ ಅವರ ಮೀಸೆಯ ತುದಿ ಅಲುಗಿದ್ದನ್ನು ನಾನು ಕಂಡೆ. ಬಳಿಕ ನನ್ನತ್ತ ತಿರುಗಿ ಕೇಳಿದರು: "ಭಟ್ಟರೇ, ತಾವು ಬರೆದದ್ದು ಯಾರ ಮದುವೆಯ ವಿಷಯ?"

ಎಂಥ ಪ್ರಶ್ನೆ! ಅದನ್ನು ಬರೆಯುವಾಗ ನಾನೇ ಕೇಳಿಕೊಳ್ಳಬೇಕಿತ್ತು.

"ನಮ್ಮ ಮನೆಗಳ ವಿಧಿಯನ್ನು ಬರೆದೆ, ಸ್ವಾಮೀ. ಲೋಕಕ್ಕೆಲ್ಲ ಅದೊಂದೇ ವಿಧಿ ಎಂಬಂತೆ ಬರೆದೆ. ಅದು ನನ್ನ ತಪ್ಪು. ಶಾಸ್ತ್ರಕ್ಕಿಂತ ರೂಢಿ ಬಲವಾದುದೆಂದು ಬಲ್ಲವರು ಹಿಂದೆಯೇ ಒಪ್ಪಿದ್ದಾರೆ. ಆ ದಿನ ಗಿಂಡಿ ನನ್ನ ಬಳಿಗೂ ಬಂದಿತ್ತು. ಈ ಕೈಯನ್ನು ಮುಟ್ಟಿಸಿದ್ದೆ. ಅದು ಮದುವೆಯಲ್ಲವಾದರೆ ನಾನು ಹರಸಿದ್ದು ಯಾವುದನ್ನು?"

ಟೈಪ್‌ರೈಟರಿನ ಟಕಟಕ ಅಷ್ಟು ಇಂಪಾಗಿ ಕೇಳಿದ್ದು ನನಗೆ ಅದೇ ಮೊದಲು.

ಮೊನ್ನೆಯ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ಬಲು ಸರಳವಾಗಿ ಬರೆದಿದ್ದಾರೆ: ಯಾವ ಸಮುದಾಯದಲ್ಲಿ ಧಾರೆಯೇ ರೂಢಿಯೋ ಅಲ್ಲಿ ಧಾರೆಯೇ ಮದುವೆ, ಅರ್ಜಿದಾರಳು ಸಂಜೀವನ ಹೆಂಡತಿ. ಜೀವನಾಂಶವೂ ಆಯಿತು. ಗಿರಿಜೆ ನಕಲನ್ನು ನಮ್ಮ ಜಗಲಿಗೆ ತಂದಳು. ಆ ಸಾಲನ್ನು ಓದಿದೆ. "ಇನ್ನೊಮ್ಮೆ ಓದಿ ಭಟ್ರೇ" ಎಂದಳು. ಓದಿದೆ. "ಹೆಂಡತಿ ಅಂತ ಇರುದು ಯಾವುದು, ತೋರಿಸಿ" ಎಂದು ಕೇಳಿ, ಬೀಡಿ ಎಲೆಯ ಕರೆ ಹಿಡಿದ ಬೆರಳನ್ನು ಆ ಪದದ ಮೇಲಿಟ್ಟು ಸ್ವಲ್ಪ ಹೊತ್ತು ತೆಗೆಯಲೇ ಇಲ್ಲ.

ನಿನ್ನೆ ಚಂದಯ್ಯಣ್ಣ ಬಂದಿದ್ದರು, ಕಂಕುಳಲ್ಲಿ ಒಂದು ಹೊಸ ನೋಟ್‌ಬುಕ್ಕು. "ಮುಂದಿನ ತಿಂಗಳು ನನ್ನ ಕಿರಿಮಗಳ ಧಾರೆ. ಗಿಂಡಿಯ ಹಿಂದೆ ಈ ಪುಸ್ತಕವೂ ಬರ್ತದೆ. ಮುಟ್ಟಿದವರೆಲ್ಲ ಸಹಿ ಹಾಕ್ಬೇಕು, ಬರೆಯಲು ಬಾರದವರು ಹೆಬ್ಬೆಟ್ಟು. ಮೊದಲ ಸಹಿ ನಿಮ್ಮದು." ನನಗೆ ರೋಮಾಂಚನವಾಯಿತು. ತಲೆತಲಾಂತರದ ವಿಧಿಗೆ ಹೊಸತೊಂದು ಅಂಗ ಸೇರಿತು. ಯಾವ ಉಪನ್ಯಾಸವೂ ಇಲ್ಲದೆ, ಯಾವ ಮೆರವಣಿಗೆಯೂ ಇಲ್ಲದೆ!

ಕೋರ್ಟಿನಿಂದ ಸಮಾಜ ಬದಲಾಗುತ್ತದೆಯೇ ಎಂದು ಕೇಳುವವರಿಗೆ ಇನ್ನು ಮುಂದೆ ಆ ನೋಟ್‌ಬುಕ್ಕನ್ನು ತೋರಿಸುತ್ತೇನೆ. ಆದರೂ ಒಂದು ಮಾತು ಮನಸ್ಸನ್ನು ಕೊರೆಯುತ್ತಲೇ ಇದೆ. ಸಂಜೀವ ಕಾಪುವಿಗೆ ಹೋಗಿ ಐದು ವರ್ಷ. ಗಿರಿಜೆ ಹೆಂಡತಿಯೇ ಎಂಬುದು ಈ ಐದು ವರ್ಷವೂ ನಮಗೆಲ್ಲ ತಿಳಿದಿತ್ತು.

ಅಷ್ಟು ಮಂದಿಗೆ ಕಣ್ಣಿತ್ತು. ಬಾಯಿ ಬರುವುದಕ್ಕೆ ಸಮನ್ಸೇ ಬೇಕಾಯಿತೇ?