ಕುಂಕುಮ ಹಚ್ಚಿದ ಚೈನ್ ಪುಲ್ಲಿ

ಹಾವೇರಿಯ ಆ ಅಂಗಡಿಯ ಮುಂದೆ ಹಾದುಹೋಗುವಾಗ ನಾನು ಈಗಲೂ ಬೈಕಿನ ವೇಗ ತಗ್ಗಿಸುತ್ತೇನೆ. ಗಲ್ಲೆಯ ಮೇಲೆ ಕುಳಿತವನು ನನ್ನನ್ನು ನೋಡಬೇಕು, ನೋಡಿ ಮುಖ ತಿರುಗಿಸಬೇಕು. ಅಷ್ಟಾದರೆ ನನಗೆ ಆ ದಿನದ ರೊಟ್ಟಿ ರುಚಿ.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯ ಬದಿಗೆ ನನ್ನದೊಂದು ವೆಲ್ಡಿಂಗ್ ಶೆಡ್ ಇದೆ. ಸಾಲಿ ಅರ್ಧಕ್ಕೆ ಬಿಟ್ಟು ಕಬ್ಬಿಣ ಹಿಡಿದವನು ನಾನು. ಕಲಿತವರ ಮನೆಯ ಗೋಡೆಗೆ ಸರ್ಟಿಫಿಕೇಟು ತೂಗಿದರೆ ನನ್ನ ಗೋಡೆಗೆ ಪಾನಾ, ಸುತ್ತಿಗೆ, ಇಕ್ಕಳ ತೂಗುತ್ತವೆ. ಬ್ಯಾಡಗಿ, ಕದರಮಂಡಲಗಿ ಕಡೆ ಯಾವ ಗೇಟು ಕಿರುಗುಟ್ಟದೆ ತೆರೆಯುತ್ತದೋ ಅದು ನನ್ನ ಕೈಯದು ಅನ್ನುತ್ತಿದ್ದರು. ಇಷ್ಟು ವರ್ಷ ದುಡಿದು ಗಳಿಸಿದ್ದೆಂದರೆ ಆ ಮಾತು.

ಮೊದಲೆಲ್ಲ ಹತ್ಯಾರ ಕೊಳ್ಳುತ್ತಿದ್ದುದು ರಾಣೆಬೆನ್ನೂರಿನ ಒಬ್ಬ ಚಾಚಾನ ಅಂಗಡಿಯಲ್ಲಿ. ಕತ್ತಲ ಅಂಗಡಿ. ಚಾಚಾ ದರ ಇಳಿಸುವವರಲ್ಲ, ನಗುವವರೂ ಅಲ್ಲ. ಉಳಿಯಾಗಲಿ ಪಾನಾ ಆಗಲಿ, ಕಲ್ಲಿನ ಕಟ್ಟೆಗೆ ಒಮ್ಮೆ ಬಡಿದು ಅದರ ಗಂಟೆಯಂಥ ನಾದ ಕೇಳಿಸಿ, ಹಳೆಯ ಉರ್ದು ಪೇಪರಿನಲ್ಲಿ ಸುತ್ತಿ ಕೊಡುತ್ತಿದ್ದರು. ಕೇಳಿದ್ದು ಬಿಟ್ಟು ಇನ್ನೊಂದನ್ನು ತೋರಿಸಿದ್ದು ನನಗೆ ನೆನಪಿಲ್ಲ.

ಹಾವೇರಿಯಲ್ಲಿ ಹೊಸ ಅಂಗಡಿ ಬಂದದ್ದು ದಸರೆಯ ಹೊತ್ತಿಗೆ. ಎಲ್ಲ ಹತ್ಯಾರ ಅರ್ಧ ದರಕ್ಕೆ ಎಂದು ಬೋರ್ಡು. ಸುಳ್ಳು ಯಾಕೆ ಹೇಳಲಿ, ಒಳಗೆ ಕಾಲಿಟ್ಟರೆ ಎದೆ ಅರಳುತ್ತಿತ್ತು. ಹಗಲಲ್ಲೂ ಉರಿಯುವ ಲೈಟು. ಸಣ್ಣದರಿಂದ ದೊಡ್ಡದರ ತನಕ ಸಾಲಾಗಿ ನಿಂತ ಪಾನಾಗಳು, ಫೋಟೋಕ್ಕೆ ನಿಂತ ಮನೆಮಂದಿಯ ಹಾಗೆ. ಕೆಂಪು ಡಬ್ಬಿಯಲ್ಲಿ ಒಂದೊಂದಕ್ಕೆ ಒಂದೊಂದು ಹಾಸಿಗೆ ಮಾಡಿಸಿಕೊಂಡು ಮಲಗಿದ ಡ್ರಿಲ್ ಬಿಟ್ಟುಗಳು. ಎಲ್ಲವನ್ನೂ ಮುಟ್ಟಬಹುದು, ಎತ್ತಬಹುದು, ಯಾರೂ ಬೇಡ ಅನ್ನುವುದಿಲ್ಲ. ಗ್ರೈಂಡರಿನ ಬಿಲ್ಲೆ ತರಲು ಹೋದವನು ಪೈಪು ಬಗ್ಗಿಸುವ ಯಂತ್ರ ಹೊತ್ತು ಬಂದೆ. ಅದು ಇವತ್ತಿಗೂ ಒಂದು ಪೈಪನ್ನು ಬಗ್ಗಿಸಿಲ್ಲ.

ಮಾಲಕ ನನಗಿಂತ ಚಿಕ್ಕವನು, ಬಾಯಿ ಬೆಲ್ಲ. ಕುರ್ಚಿ ಕೊಟ್ಟ, ಚಹಾ ತರಿಸಿದ. "ಬರ್ರಿ ಅಣ್ಣಾರ, ನಿಮ್ಮಂಥ ಕಸಬದಾರರು ಬಂದ್ರನ ಅಂಗಡಿಗೆ ಕಳಾ" ಅಂದ. ಕಚೇರಿಗಳ ಬಾಗಿಲಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡವನಿಗೆ ಕುರ್ಚಿ ಕೊಟ್ಟರೆ ಏನಾಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಏಳುವ ಹೊತ್ತಿಗೆ ನನ್ನ ತೊಡೆಯ ಮೇಲೆ ಭಾರ ಎತ್ತುವ ಒಂದು ಹೊಸ ಚೈನ್ ಪುಲ್ಲಿ ಇತ್ತು. ಎರಡು ಟನ್ ಎಂದು ಅದರ ಮೈಮೇಲೆ ಅಚ್ಚು.

ನಮ್ಮ ಕಸಬಿನಲ್ಲಿ ಒಂದು ರೂಢಿಯಿದೆ. ದಸರೆಯ ಮುಂದೆ ಕೊಂಡ ಹತ್ಯಾರವನ್ನು ಖಂಡೇನವಮಿಯ ಆಯುಧಪೂಜೆ ಆಗದೆ ಕೆಲಸಕ್ಕೆ ಹಚ್ಚುವುದಿಲ್ಲ. ಹಚ್ಚಿ ನೋಡುವುದೂ ಇಲ್ಲ. ಚಾಚಾ ಬಡಿದು ಕೇಳಿಸಿ ಕೊಡುತ್ತಿದ್ದುದರಿಂದ ಆ ರೂಢಿ ನಮಗೆಂದೂ ತೊಡಕಾಗಿರಲಿಲ್ಲ. ಹಾವೇರಿಯವನು ದಸರೆಗೇ ಯಾಕೆ ದರ ಇಳಿಸಿದ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ. ನಾನು ಪುಲ್ಲಿಯ ಪ್ಲಾಸ್ಟಿಕ್ ಚೀಲ ಕೂಡ ಬಿಚ್ಚದೆ ಕಾದೆ. ನವಮಿಯ ದಿನ ವಿಭೂತಿ, ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಕೈಮುಗಿದೆ.

ದೀಪಾವಳಿ ಕಳೆದ ಮೇಲೆ ಬ್ಯಾಡಗಿಯಲ್ಲಿ ಒಂದು ಹೊಸ ಮನೆಯ ಕೆಲಸ. ಮೆಣಸಿನಕಾಯಿ ವ್ಯಾಪಾರದ ಮನೆತನ, ಯಜಮಾನಿಕೆ ಒಬ್ಬ ವಯಸ್ಸಾದ ಅವ್ವನದು. ತಲೆಬಾಗಿಲ ಮುಂದೆ ನೆರಳಿಗೆ ಕಬ್ಬಿಣದ ಕಮಾನು ಏರಿಸಬೇಕಿತ್ತು. ಮರುದಿನ ಗೃಹಪ್ರವೇಶ. ಬೀಗರು ಬಂದಾಗಿತ್ತು, ಹೊಸ್ತಿಲಿಗೆ ಅರಿಷಿಣ ಬಳಿದಾಗಿತ್ತು. ಕಮಾನು ಅರ್ಧ ಎತ್ತರಕ್ಕೆ ಹೋಗಿತ್ತು ಅಷ್ಟೇ, ಪುಲ್ಲಿಯ ಕೊಂಡಿ ಮುರಿಯಿತು. ಕಮಾನು ನೇರ ಬಂದು ಹೊಸ್ತಿಲ ಮೇಲೆ ಬಿತ್ತು. ಸಾಗವಾನಿಯ ಹೊಸ್ತಿಲು ಉದ್ದಕ್ಕೆ ಸೀಳಿತು.

ಯಾರಿಗೂ ಪೆಟ್ಟಾಗಲಿಲ್ಲ. ಯಾರೂ ಬೈಯಲೂ ಇಲ್ಲ. ಅವ್ವ ಬಂದು ಸೀಳಿದ ಜಾಗವನ್ನು ಬೆರಳಿನಿಂದ ಸವರಿ, "ಕೈಯಾಗ ಆಗೂದಿಲ್ಲಂದ್ರ ಒಪ್ಪಬಾರದಿತ್ತು, ತಮ್ಮಾ" ಅಂದಳು. ಬೈದಿದ್ದರೆ ಚಲೋ ಇತ್ತು. ಆ ವಾರದಲ್ಲೇ ಬ್ಯಾಡಗಿಯಲ್ಲಿ ನನಗೆ ಹೊಸ ಹೆಸರು ಹುಟ್ಟಿತು, ಹೊಸ್ತಿಲಾ ಒಡದ ಮಿಸ್ತ್ರಿ. ಹೊಸ ಮನೆ ಕಟ್ಟುವವರು ಅಂಥ ಹೆಸರಿನವನನ್ನು ಬಾಗಿಲಿಗೆ ಕರೆಯುತ್ತಾರೆಯೇ?

ಮುರಿದ ಕೊಂಡಿಯನ್ನು ಚಾಚಾನ ಮುಂದಿಟ್ಟೆ. ಮುರಿದ ಬಾಯಿಯಲ್ಲಿ ಕಬ್ಬಿಣ ಒಣಗಿದ ರವೆ ಉಂಡಿಯ ಹಾಗೆ ಉದುರುತ್ತಿತ್ತು. ಅವರು ಕಟ್ಟೆಗೆ ಬಡಿದರು. ಹಸಿ ಮಡಿಕೆಗೆ ಬಡಿದಂತೆ ದಪ್ ಎಂದಿತು. "ಇಷ್ಟ ದಿನಾ ದಾರಿ ಮರ್ತಿದ್ದೆಲ್ಲ, ಇವತ್ತ ಹೆಂಗ ನೆನಪಾತು?" ಎಂದರು.

ಹಾವೇರಿಗೆ ಹೋದೆ. ಈ ಸಲ ಕುರ್ಚಿ ಇಲ್ಲ, ಅಣ್ಣಾರ ಎನ್ನುವುದೂ ಇಲ್ಲ. ಪುಲ್ಲಿಯ ಮೇಲೆ ಉಳಿದಿದ್ದ ಕುಂಕುಮದ ಕಲೆಯನ್ನು ಮಾಲಕ ಬೆರಳು ಮಾಡಿ ತೋರಿಸಿದ.

"ಪೂಜಾ ಆದ ಹತ್ಯಾರ ಇದು. ಮನಿ ದೇವರಂಗ. ವಾಪಸ್ ತಗೊಂಡ್ರ ನಮಗ ಪಾಪ ಹತ್ತತೈತಿ. ಮತ್ತ ಹತ್ಯಾರ ಏನ ಮಾಡೀತು ಮಿಸ್ತ್ರಿ, ಕೈ ಸರಿ ಇರಬೇಕು."

ಅಂಗಡಿಯಲ್ಲಿ ನಾಲ್ಕು ಮಂದಿ ಗಿರಾಕಿಗಳಿದ್ದರು. ನಕ್ಕರು. ಪುಲ್ಲಿಯನ್ನು ಎತ್ತಿಕೊಂಡು ಬಂದೆ. ಕಲ್ಲು ಹೊಡೆದು ಅವನ ಗಾಜು ಒಡೆಯಬೇಕು ಅನ್ನಿಸಿತ್ತು. ಗಾಜು ಒಡೆದರೆ ಹೊಸ ಗಾಜು ಬರುತ್ತದೆ. ನನಗೆ ಬೇಕಾದದ್ದು ಅವನ ಬಾಯಿಂದಲೇ ಬರಬೇಕಿತ್ತು. ಪುಲ್ಲಿಯನ್ನು ಶೆಡ್ಡಿನ ನಡುತೊಲೆಗೆ ತೂಗುಹಾಕಿ, ಮುಂದಿನ ದಸರೆಯ ತನಕ ದಿನಾ ಅದರ ಕೆಳಗೆ ಕುಳಿತು ಉಂಡೆ.

ದಸರೆ ಬಂತು. ಖಂಡೇನವಮಿಗೆ ಆ ಮಾಲಕ ಮಿಸ್ತ್ರಿಗಳನ್ನೆಲ್ಲ ಅಂಗಡಿಗೆ ಕರೆದು ಮಂಡಕ್ಕಿ, ಪೇಡೆ ಹಂಚುವವನಿದ್ದ. ಹೊಸ ಹತ್ಯಾರಗಳನ್ನು ಸಾಲಾಗಿ ಜೋಡಿಸಿ ಹೂವೇರಿಸಿದ್ದ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಸಬದಾರರೆಲ್ಲ ಸೇರಿದ್ದರು. ನಾನು ಒಗೆದ ಬಿಳಿ ಅಂಗಿ ಹಾಕಿಕೊಂಡು, ಹಿತ್ತಾಳೆ ತಟ್ಟೆಯಲ್ಲಿ ಪುಲ್ಲಿ ಹೊತ್ತು ಹೋದೆ. ಮೈತುಂಬ ಕುಂಕುಮ, ಚೆಂಡುಹೂವಿನ ಮಾಲೆ, ಮುರಿದ ಕೊಂಡಿಯನ್ನು ಬಿಳಿ ದಾರದಿಂದ ಕಟ್ಟಿದ್ದೆ. ಪೂಜೆಯ ತಟ್ಟೆ ಎಂದು ಎಲ್ಲರೂ ದಾರಿ ಬಿಟ್ಟರು. ಸಾಲಿನ ನಟ್ಟನಡುವೆ ಇಟ್ಟು ಊದುಬತ್ತಿ ಬೆಳಗಿದೆ.

ಮಾಲಕ ಅದನ್ನು ಸರಿಸಲು ಕೈಚಾಚಿದ.

"ಮುಟ್ಟಬ್ಯಾಡ್ರಿ ಮಾಲಕರ," ಅಂದೆ. "ಪೂಜಾ ಆದ ಹತ್ಯಾರ ಇದು. ಮನಿ ದೇವರಂಗ. ತಗದ್ರ ಪಾಪ ಹತ್ತತೈತಿ."

ಇದೇನು ಎಂದು ಯಾರೋ ಕೇಳಿದರು. ನಾನು ಅವಸರ ಮಾಡದೆ ಹೇಳಿದೆ. ಕುರ್ಚಿ, ಚಹಾ, ಹೊಸ್ತಿಲು, ಕೈ ಸರಿ ಇರಬೇಕು ಎಂದ ಮಾತು, ಒಂದನ್ನೂ ಬಿಡಲಿಲ್ಲ. ರಾಣೆಬೆನ್ನೂರಿನ ಮಿಸ್ತ್ರಿಯೊಬ್ಬ ಎದ್ದು ಗೋಡೆಯಿಂದ ಒಂದು ಕೊಂಡಿ ತೆಗೆದು ಮೆಟ್ಟಿಲ ಕಲ್ಲಿಗೆ ಬಡಿದ. ದಪ್. ಇನ್ನೊಬ್ಬ ಪಾನಾ ಬಡಿದ. ಆಮೇಲೆ ಆ ಮೆಟ್ಟಿಲಲ್ಲಿ ಜಾಗ ಸಾಲಲಿಲ್ಲ. ಪೇಡೆಯ ತಟ್ಟೆಯನ್ನು ಯಾರೂ ಕೇಳಲಿಲ್ಲ.

ಮರುದಿನ ವಿಜಯದಶಮಿ. ಮಾಲಕ ಹೊಸ ಬಟ್ಟೆ ಹಾಕಿಕೊಂಡು ಬಸ್ಸಿಗೆ ಬಂದು ನನ್ನ ಶೆಡ್ಡಿನ ಮುಂದೆ ನಿಂತ. ಕೈಯಲ್ಲಿ ಬನ್ನಿ ಎಲೆ.

"ಅಣ್ಣಾರ, ಅಂಗಡ್ಯಾಗಿನ ಆ ಪುಲ್ಲಿ ತಗೊಂಡ ಹೋಗ್ರಿ. ಬ್ಯಾರೇದ ಕೊಡತೇನಿ. ಬನ್ನಿ ತಗೊಂಡು ಬಂಗಾರದಂಗ ಇರೋಣು."

ವೈರಿ ಕೊಟ್ಟರೂ ಬನ್ನಿಯನ್ನು ಬೇಡ ಅನ್ನುವಂತಿಲ್ಲ. ನಾನು ಬೇಡ ಅನ್ನಲಿಲ್ಲ, ಕೈಯನ್ನೂ ಚಾಚಲಿಲ್ಲ. "ಮದ್ಲ ಬ್ಯಾಡಗ್ಯಾಗ ಆ ಅವ್ವಗ ಕೊಡು. ಆಮ್ಯಾಲ ನನಗ," ಎಂದು ಬೈಕು ತೆಗೆದೆ. ಹಿಂದೆ ಹತ್ತಿದ.

ಬನ್ನಿ ಕೊಡಲು ಬಂದ ಓಣಿಯವರ ನಡುವೆ ಅವ್ವ ಪಡಸಾಲೆಯಲ್ಲಿ ಕುಳಿತಿದ್ದಳು. ಹೊಸ್ತಿಲಿಗೆ ತಗಡಿನ ಪಟ್ಟಿ ಹೊಡೆಸಿದ್ದರು. ಅದರ ಹೊರಗೇ ಅವನನ್ನು ನಿಲ್ಲಿಸಿ, ಕೊಂಡಿ ಯಾಕೆ ಮುರಿಯಿತು ಹೇಳು ಅಂದೆ. ತಲೆ ತಗ್ಗಿಸಿ ಏನೋ ಗೊಣಗಿದ. ಓಣಿಯವರಿಗೆ ಕೇಳಲಿಲ್ಲ, ಜೋರಾಗಿ ಹೇಳು ಅಂದೆ.

"ಕೊಂಡಿ ಖೊಟ್ಟಿ ಇತ್ರಿ ಅವ್ವಾರ. ಇವರ ಕೈದೇನೂ ತಪ್ಪಿಲ್ಲ."

ಅವ್ವ ಅವನನ್ನು ಒಮ್ಮೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅಂವ ಮಾರಿದಾಂವ. ಅರ್ಧಾ ರೇಟಿಗೆ ಸಿಗತೈತಿ ಅಂತ ತಂದು ನನ್ನ ಬಾಗಲಾಗ ಏರಿಸಿದಾಂವ ಯಾರು?"

ಇದಕ್ಕೆ ನಾನು ತಯಾರಿರಲಿಲ್ಲ. ಅವಳು ನನ್ನ ಕೈಯಲ್ಲಿ ಬನ್ನಿ ಇಟ್ಟು, "ಮ್ಯಾಲಿನ ಮನಿಗೆ ಗ್ರಿಲ್ ಬೇಕಾಗೇತಿ. ಹತ್ಯಾರ ಎಲ್ಲೀವು ಅಂತ ಮದ್ಲ ಹೇಳು" ಅಂದಳು. ರಾಣೆಬೆನ್ನೂರಿನವು ಅಂದೆ. ಓಣಿಯವರು ನಕ್ಕರು, ಆದರೆ ಹಾವೇರಿಯವನನ್ನು ನೋಡಿ.

ಹೊರಗೆ ಬಂದ ಮೇಲೆ ಅವನ ಬನ್ನಿ ತೆಗೆದುಕೊಂಡು ಕಿಸೆಗೆ ಹಾಕಿದೆ. ಅವನು ಬೈಕು ಹತ್ತಲು ಬಂದ. ಬ್ಯಾಡಗಿಯಿಂದ ಹಾವೇರಿಗೆ ಬಸ್ಸು ಬಹಳ ಇವೆ ಎಂದು ಹೇಳಿ, ಹೊರಟುಬಂದೆ.

ಪುಲ್ಲಿಯನ್ನು ಮಾತ್ರ ನಾನು ತಂದಿಲ್ಲ. ಗಲ್ಲೆಯ ಹಿಂದೆ ದೇವರ ಫೋಟೋದ ಕೆಳಗೆ ಈಗಲೂ ಇದೆ. ಕುಂಕುಮ ಹಚ್ಚಿದ್ದು, ಎಸೆಯಲು ಅವನಿಗೆ ಧೈರ್ಯವಿಲ್ಲ. ಹೊಸ ಗಿರಾಕಿಗಳು ಇದೇನು ಎಂದು ಕೇಳುತ್ತಾರಂತೆ.