ಶೇವಂತಿ ಡಾಕ್ಟರಿಗೆ ಹೇಳದ ಮಾತು

ಗಲಗಲಿಯಿಂದ ಮದುವೆಯಾಗಿ ಬನಹಟ್ಟಿಗೆ ಬಂದಾಗ ಶೇವಂತಿಗೆ ಹದಿನೆಂಟು. ಆಮೇಲೆ ನಲವತ್ತು ವರ್ಷ ಗಂಡ ವಿಠೋಬಾನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು. ಸಂಜೆ ಮಗ್ಗ ನಿಂತ ಮೇಲೆ ವಿಠೋಬಾ ಒಂದು ಪಾಕೀಟು ಸಾರಾಯಿ ಒಡೆಯುತ್ತಿದ್ದ. ಮೊಣಕಾಲು ಹಿಡಿದುಕೊಂಡು ಕೂತ ಹೆಂಡತಿಗೂ ಚಹಾದ ಬಟ್ಟಲಲ್ಲಿ ಎರಡು ಗುಟುಕು ಹಾಕಿ, "ಔಷಧ ಅಂತ ತಗೋ" ಅನ್ನುತ್ತಿದ್ದ. ಅವನು ತೀರಿಕೊಂಡು ಐದು ವರ್ಷ. ಎರಡು ಗುಟುಕು ಈಗ ಇಡೀ ಪಾಕೀಟಾಗಿತ್ತು. ಹಿತ್ತಲಲ್ಲಿ ಕುಡಿದು, ವಾಸನೆ ಬಾರದಂತೆ ಬಡೇಸೋಪು ಅಗಿಯುತ್ತ ಒಳಗೆ ಬರುತ್ತಿದ್ದಳು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದೇ ನಂಬಿದ್ದಳು.

ಅವಳ ಕೊರಳಲ್ಲಿ ಗಂಟು ಕಂಡವಳು ಸೊಸೆ ಮಂಗಲಾ, ತಲೆಗೆ ಎಣ್ಣೆ ಹಚ್ಚುವಾಗ. ಮಗ ವಿಜಯ ಮರುದಿನವೇ ಜಮಖಂಡಿಗೆ ಕರೆದೊಯ್ದ. ಡಾಕ್ಟರಮ್ಮ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಸ್ಪಷ್ಟ ಉತ್ತರ ಸಿಗಲಿಲ್ಲ. ಕ್ಯಾಲ್ಸಿಟೋನಿನ್ ಅಂತ ಒಂದು ರಕ್ತಪರೀಕ್ಷೆ ಬರೆದುಕೊಟ್ಟು, "ಚಟ ಏನರ ಅದಾವೇನು?" ಎಂದು ಕೇಳಿದರು.

"ನಮ್ಮವ್ವಗ ಎಲಿ-ಅಡಕಿ ಸುದ್ದಾ ಇಲ್ಲರಿ," ಅಂದ ವಿಜಯ, ಹೆಮ್ಮೆಯಿಂದ. ಶೇವಂತಿ ಸೆರಗು ಸರಿಮಾಡಿಕೊಂಡಳು.

ರಕ್ತ ಕೊಡುವ ದಿನ ಬೆಳಗ್ಗೆ ಹೆದರಿಕೆ ತಾಳದೆ ಬಸ್ಸು ಹತ್ತುವ ಮುಂಚೆಯೇ ಒಂದು ಪಾಕೀಟು ಮುಗಿಸಿದಳು.

ಹತ್ತರೊಳಗೆ ಇರಬೇಕಾದ ಸಂಖ್ಯೆ ಇಪ್ಪತ್ತಾರು ಬಂತು. ಥೈರಾಯ್ಡಿನ ಒಂದು ಜಾತಿ ಕ್ಯಾನ್ಸರಿನಲ್ಲಿ ಇದು ಏರುತ್ತದೆ, ದೊಡ್ಡ ಆಸ್ಪತ್ರೆಗೆ ಹೋಗಬೇಕಾದೀತು ಎಂದು ಡಾಕ್ಟರಮ್ಮ ಹೇಳಿದ್ದು ಕೇಳಿ ವಿಜಯನ ಮುಖ ಸುಣ್ಣವಾಯಿತು. ಆಗ ಜೊತೆಗೆ ಬಂದಿದ್ದ ಮಂಗಲಾ ಗಂಡನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗ ಕುಂದರ್ರಿ. ಹೆಂಗಸರ ಮಾತೈತಿ," ಅಂದಳು. ಅವನು ಹೋದ ಮೇಲೆ ಅತ್ತೆಯ ಕೈ ಹಿಡಿದಳು.

"ಅತ್ತಿ, ಸಂಜೀದು ಹೇಳ್ರಿ."

"ಯಾವ ಸಂಜೀದಬೇ?"

"ಕಟಗಿ ಸಂದ್ಯಾಗ ಸಿಗಿಸಿದ ಖಾಲಿ ಪಾಕೀಟು ಎರಡು ವರ್ಷದಿಂದ ನಾನೇ ಒಲಿಗೆ ಹಾಕಾಕತ್ತೇನಿ, ನಿಮ್ಮ ಮಗನ ಕಣ್ಣಿಗೆ ಬೀಳಬಾರದಂತ."

ಶೇವಂತಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಸೊಸೆಯ ಕೈ ಸಡಿಲವಾಗಲಿಲ್ಲ. ಎಲ್ಲ ಹೇಳಿಬಿಟ್ಟಳು, ಪರೀಕ್ಷೆಯ ದಿನದ್ದನ್ನೂ.

ಡಾಕ್ಟರಮ್ಮ ಬೈಯಲಿಲ್ಲ. "ಛಲೋ ಆತು ಹೇಳಿದ್ದು. ಸೆರೆ ಕುಡದರೂ ಕೆಲವರಿಗೆ ಈ ಸಂಖ್ಯೆ ಏರತೈತಿ. ನಿಮ್ಮದು ಅದರಿಂದಲೇ ಏರೇತಿ ಅಂತ ಈಗ ಹೇಳಾಕ ಬರೂದಿಲ್ಲ. ಆರು ವಾರ ಬಿಡ್ರಿ, ಮತ್ತ ನೋಡೂಣು. ಬಿಟ್ಟಾಗ ಕೈ ನಡುಗಿದರ, ಬೆವತರ ತಡಾ ಮಾಡದ ಬರ್ರಿ. ಗಂಟಿಗೂ ಇನ್ನೊಮ್ಮೆ ಸೂಜಿ ಹಾಕೂಣು."

ಮೊದಲ ವಾರ ಕಷ್ಟವಾಯಿತು. ಸಂಜೆಯಾದರೆ ಶೇವಂತಿ ಕೂತಲ್ಲಿ ಕೂರಲಾರಳು, ಯಾರ ಮೇಲೋ ಸಿಟ್ಟು. ಮಂಗಲಾ ಆ ಹೊತ್ತಿಗೆ ಅಡುಗೆ ಬಿಟ್ಟು ಬಂದು, ಬಿಸಿ ಎಣ್ಣೆಯಿಂದ ಅತ್ತೆಯ ಮೊಣಕಾಲು ತಿಕ್ಕುತ್ತ ಗಲಗಲಿಯ ಹೊಳೆಯ ಸುದ್ದಿ ಕೇಳುತ್ತಿದ್ದಳು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದಳು. ಒಮ್ಮೆ ಶೇವಂತಿ ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಮಂಗಲಾ ಇನ್ನೊಂದು ಕಾಲು ಹಿಡಿದಳು.

ಆರು ವಾರ ಕಳೆದು ಬಂದ ಸಂಖ್ಯೆ ಏಳು. ಎರಡನೆಯ ಸೂಜಿಯಲ್ಲಿ ಗಂಟು ಸಾದಾ ಗಂಟು ಅಂತ ಬಂತು. ವರ್ಷಕ್ಕೊಮ್ಮೆ ತೋರಿಸಿದರೆ ಸಾಕು ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ವಿಜಯ ದೇವರಿಗೆ ಕೈಮುಗಿಯುತ್ತಿದ್ದ. ಶೇವಂತಿಗೆ ಇನ್ನು ತಡೆಯಲಾಗಲಿಲ್ಲ. ಸೊಸೆ ಕಣ್ಸನ್ನೆ ಮಾಡಿದರೂ ಕೇಳದೆ ಮಗನಿಗೆ ತಾನೇ ಎಲ್ಲ ಹೇಳಿದಳು. ಅವನು ತಾಯಿಯ ಕಡೆ ತಿರುಗಿದ.

"ಕಾಲು ಅಷ್ಟು ನೋಯತಿದ್ದವೇನವ್ವಾ?"

"ಕಾಲ ನೋವು ತಡಕೋಬಹುದಪ್ಪಾ. ಕುಡದಾಗ ನಿಮ್ಮಪ್ಪ ಬಾಜೂಕ ಕುಂತಂಗ ಅನಸತಿತ್ತು."

ವಿಜಯ ತಾಯಿಯ ತೊಡೆಯ ಮೇಲಿದ್ದ ಚೀಲ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡ. ಬನಹಟ್ಟಿ ಬರುವವರೆಗೆ ಅವಳು ಅವನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.